ಏನೂ ಸಿಗದ ಗುಂಡಿಯಲ್ಲಿ ಅಕ್ಕನ ಮಗ್ಗ

ಬನಹಟ್ಟಿ

ಪರದೇಶಕ್ಕೆ ಹೊರಟವರು ಚಳಿಗೆ ಸ್ವೆಟರ್ ಬೇಕೋ ಬೇಡವೋ, ಅಲ್ಲಿ ಅನ್ನ ಸಿಗುತ್ತದೋ ಇಲ್ಲವೋ ಎಂದು ಚಿಂತೆ ಮಾಡುತ್ತಾರೆ. ನನಗೂ ಆ ಚಿಂತೆಗಳೆಲ್ಲ ಇದ್ದವು. ಜಮಖಂಡಿಯಾಚೆ ಎಲ್ಲಿ ಉಂಡರೂ ಹೊಟ್ಟೆ ಕೆಡಿಸಿಕೊಳ್ಳುವ ಮನುಷ್ಯ ನಾನು. ನಮ್ಮ ಅಕ್ಕ ಕಾಶವ್ವನಿಗೆ ಮಾತ್ರ ಒಂದೇ ಚಿಂತೆ. ಮಗಳು ಸುಮಿತ್ರಾಳ ಮದುವೆಯ ಸೀರೆ ಮಗ್ಗದ ಮೇಲೆ ಅರ್ಧಕ್ಕೆ ನಿಂತಿತ್ತು.

ಅದು ಎಂಬತ್ತರ ದಶಕ. ಓಣಿ ಓಣಿಯಲ್ಲೂ ಪವರ್‌ಲೂಮ್ ಖಟಖಟಿಸುತ್ತಿದ್ದ ಕಾಲದಲ್ಲಿ ಅಕ್ಕ ಇನ್ನೂ ಪಡಸಾಲೆಯ ನೆಲದಲ್ಲಿ ತೋಡಿದ ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯುತ್ತಿದ್ದಳು. ಗ್ರೀಸ್ ದೇಶದ ಕ್ರೀಟ್ ಎಂಬ ದ್ವೀಪದಲ್ಲಿ ಕೈಮಗ್ಗದವರ ಮೇಳವಿದೆ, ಅಲ್ಲಿ ಕೂತು ನೇಯ್ದು ತೋರಿಸಬೇಕು ಎಂದು ಸಾಹೇಬರೊಬ್ಬರು ಬಂದು ಕೇಳಿದಾಗ ಅವಳು ಎರಡು ಷರತ್ತು ಹಾಕಿದಳು. ಒಂದು, ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ತಮ್ಮ, ಅಂದರೆ ನಾನು, ಜೊತೆಗೆ ಬರಬೇಕು. ಎರಡು, ಸುಮಿತ್ರಾಳ ಸೀರೆಯೂ ಬರಬೇಕು.

ನಮ್ಮ ಮನೆತನದ ಪದ್ಧತಿ ಹಾಗಿದೆ. ಅಕ್ಕಿಕಾಳು, ಅಂದರೆ ಅಕ್ಷತೆ, ಬೀಳುವ ಹೊತ್ತಿನಲ್ಲಿ ಮಗಳು ಉಡುವ ಸೀರೆಯನ್ನು ತಾಯಿಯೇ ನೇಯಬೇಕು. ಮೊದಲ ಎಳೆಯಿಂದ ಕೊನೆಯ ಎಳೆಯವರೆಗೆ ಬೇರೆಯವರ ಕೈ ತಾಗಬಾರದು. ಮದುವೆ ದೀಪಾವಳಿ ಆದ ಕೆಲವೇ ದಿನಕ್ಕೆಂದು ನಿಕ್ಕಿಯಾಗಿತ್ತು. ನಾವು ತಿರುಗಿ ಬರುವುದೇ ದೀಪಾವಳಿಯ ಹೊಸ್ತಿಲಿಗೆ. ಬಂದಮೇಲೆ ನೇಯ್ದು ಮುಗಿಸುವ ಮಾತೇ ಇರಲಿಲ್ಲ.

"ಅಲ್ಲೆ ಹ್ಯಾಂಗೂ ನೇಯಾಕ ಕರದಾರ. ಇದನ್ನ ನೇಯ್ತೇನಿ," ಎಂದಳು ಅಕ್ಕ. "ಇಲ್ಲಾಂದ್ರ ನಿಮ್ಮ ವಿಮಾನ ನಿಮಗಿರಲಿ, ನಮ್ಮ ಕುಣಿ ನಮಗಿರಲಿ."

ಕುಣಿಯನ್ನು ವಿಮಾನದಲ್ಲಿ ಒಯ್ಯಲು ಬರುವುದಿಲ್ಲವಲ್ಲ! ಬಡಗಿಯೊಬ್ಬ ನೆಲದ ಮೇಲೆ ನಿಲ್ಲುವ ಕಟ್ಟಿಗೆಯ ಚೌಕಟ್ಟು ಮಾಡಿಕೊಟ್ಟ. ಅರ್ಧ ನೇಯ್ದ ಸೀರೆಯನ್ನು, ಮುಂದೆ ಚಾಚಿದ್ದ ಉದ್ದೆಳೆಗಳ ಹಾಸಿನ ಸಮೇತ ಸುತ್ತಿ, ಚೌಕಟ್ಟಿನ ಜೊತೆ ಪೆಟ್ಟಿಗೆಗೆ ತುಂಬಿ ಮುಂಚೆಯೇ ಕಳಿಸಿದೆವು. ಹೊರಡುವ ದಿನ ರಿಕ್ಷಾ ಬಾಗಿಲಿಗೆ ಬಂದು ಹಾರ್ನ್ ಹೊಡೆಯುತ್ತಿದೆ, ನಾನು ಕೂಗುತ್ತಿದ್ದೇನೆ, ಅಕ್ಕ ಒಳಗೇ ಇದ್ದಾಳೆ. ಹೋಗಿ ನೋಡಿದರೆ ಖಾಲಿಯಾದ ಕುಣಿ ಮಗ್ಗಕ್ಕೆ ಒಂದು ಕೆಂಪು ನೂಲು ಕಟ್ಟುತ್ತಾ ಕೂತಿದ್ದಳು.

"ಬರೇ ಮಗ್ಗ ಬಿಟ್ಟು ಹೋಗಬಾರದೋ ತಮ್ಮಾ. ಒಂದ ಎಳಿಯರ ಇರಬೇಕು. ಮಗ್ಗಕ್ಕ ಕೆಲಸ ಐತಿ ಅಂತ ಗೊತ್ತಾಗಬೇಕು."

ನೇಕಾರರ ಮನೆಯಲ್ಲಿ ಹುಟ್ಟಿದವನಾದ ನನಗೆ ಇದು ಹೊಸದಲ್ಲ. ರಿಕ್ಷಾದವನ ಸಿಟ್ಟನ್ನು ನಾನೇ ನುಂಗಿಕೊಂಡೆ.

ದ್ವೀಪಕ್ಕೆ ಇಳಿದ ದಿನ

ಕ್ರೀಟ್ ನೋಡಿ ಮೊದಲು ನನಗೆ ನಿರಾಸೆಯಾಯಿತು. ಫಾರಿನ್ ಎಂದರೆ ನುಣ್ಣಗೆ, ಹಸಿರಾಗಿ ಇರುತ್ತದೆಂದು ತಿಳಿದಿದ್ದೆ. ಇಲ್ಲಿ ಬೋಳು ಗುಡ್ಡ, ಕಲ್ಲು, ಮುಳ್ಳುಕಂಟಿ, ಮೇಕೆ. ಸಮುದ್ರವೊಂದನ್ನು ತೆಗೆದುಬಿಟ್ಟರೆ ಬೀಳಗಿಯ ಕಡೆಗೇ ಬಂದಂತಿತ್ತು. ಇಷ್ಟು ದೂರ ಬಂದು ನೋಡುವುದು ಇದನ್ನೇ ಎಂದು ನಾನು ಗೊಣಗಿದರೆ ಅಕ್ಕನಿಗೆ ಸಮಾಧಾನವಾಯಿತು. "ಛಲೋ ಆತು ಬಿಡು. ಗುರುತಿನ ನೆಲ ಐತಿ," ಎಂದಳು.

ಗುರುತಿನವು ಇನ್ನೂ ಸಿಕ್ಕವು. ಕಾಫಿ ಅಂಗಡಿಯ ಮುಂದೆ ಮಧ್ಯಾಹ್ನವೆಲ್ಲ ಕುರ್ಚಿ ಹಾಕಿಕೊಂಡು ಕೂತ ಮುದುಕರು, ಯಾವ ಕೆಲಸವನ್ನೂ ಮಾಡದೆ ಎಲ್ಲರ ಕೆಲಸದ ಬಗ್ಗೆಯೂ ಮಾತಾಡುತ್ತಿದ್ದರು. ಏನಾದರೂ ಬೇಡವೆಂದರೆ ಅವರು ತಲೆಯನ್ನು ಮೇಲಕ್ಕೆತ್ತಿ ನಾಲಿಗೆಯಿಂದ 'ಚ್' ಎನ್ನುತ್ತಾರೆ, ಥೇಟ್ ನಮ್ಮ ಸಂತೆಯಲ್ಲಿ ಬದನೆಕಾಯಿ ಮಾರುವವಳಂತೆ. ಅವರ ಊಟದಲ್ಲಿ ಕಲ್ಲಿನಂಥ ಒಂದು ಒಣ ರೊಟ್ಟಿ ಇತ್ತು. ಅದನ್ನು ನೀರಲ್ಲಿ ನೆನೆಸಿ, ಮೇಲೆ ಟೊಮೆಟೊ ಹಿಂಡಿ, ಎಣ್ಣೆ ಸುರಿದು ತಿನ್ನುತ್ತಾರೆ. ಅಕ್ಕ ಚೀಲದಿಂದ ನಮ್ಮ ಕಡಕ್ ರೊಟ್ಟಿ ತೆಗೆದು ಅದರ ಪಕ್ಕ ಇಟ್ಟು ನೋಡಿದಳು, ಅವರ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಉದುರಿಸಿದಳು. ಆಮೇಲಿನ ದಿನಗಳಲ್ಲಿ ನಮ್ಮ ಚಟ್ನಿ ಖಾಲಿಯಾಗಲು ನಮ್ಮಿಬ್ಬರಿಗಿಂತ ನಮಗೆ ಊಟ ಬಡಿಸುತ್ತಿದ್ದ ಹೋಟೆಲಿನವನೇ ಹೆಚ್ಚು ಕಾರಣ.

ಸಂತೋಷ ಅಷ್ಟಕ್ಕೇ ನಿಂತಿತು. ಬಂದರಿನ ಪಕ್ಕದ ಮೇಳದ ಬಯಲಿನಲ್ಲಿ ನಮ್ಮ ಪೆಟ್ಟಿಗೆ ತೆರೆದಾಗ ಚೌಕಟ್ಟಿನ ನಾಲ್ಕೂ ಕಾಲುಗಳು ಮುರಿದಿದ್ದವು, ಅಡ್ಡ ಮರ ಸೀಳಿತ್ತು. ದಾರಿಯಲ್ಲಿ ಎಲ್ಲಿಯೋ ಯಾರೋ ಪೆಟ್ಟಿಗೆಯನ್ನು ಮೇಲಿನಿಂದ ಎತ್ತಿಹಾಕಿರಬೇಕು. ಸೀರೆ, ಹಾಸು, ಲಾಳಿ, ಎಳೆಗಳನ್ನು ಬಿಡಿಸಿ ಹಿಡಿಯುವ ಹಣಿಗೆ ಎಲ್ಲವೂ ನೆಟ್ಟಗಿದ್ದವು. ಅವನ್ನು ಹೊತ್ತು ನಿಲ್ಲುವ ಮರವೇ ಇರಲಿಲ್ಲ. ಮೇಳದವರು ಪಾಪ, ಬಹಳ ನೊಂದುಕೊಂಡು ಅಕ್ಕನಿಗೊಂದು ಕುರ್ಚಿ ಕೊಟ್ಟರು. ತಂದಿದ್ದ ನಾಲ್ಕಾರು ಸೀರೆಗಳನ್ನು ಹಿಂದೆ ತೂಗುಹಾಕಿ ಅವಳನ್ನು ಮುಂದೆ ಕೂರಿಸಿದರು. ಬಂದವರು ಫೋಟೋ ಹೊಡೆದುಕೊಂಡು ಹೋದರು.

"ನನ್ನನ್ನ ಗೊಂಬಿ ಮಾಡಿ ಕೂಡಸ್ಯಾರ," ಎಂದಳು ಅಕ್ಕ. ಕಣ್ಣಲ್ಲಿ ನೀರಿತ್ತು. "ಸುಮಿ ಏನ ಉಡಬೇಕೋ? ಅಂಗಡಿ ಸೀರಿ ಉಟ್ಟ ನಿಂದರ್ತಾಳ, ನಾನು ಇದ್ದೂ ಇಲ್ಲದಂಗ."

ಅಕ್ಕ ಅಳುವುದನ್ನು ನಾನು ನೋಡಿದ್ದು ಕಡಿಮೆ. ನನಗೆ ಅಂಥ ಹೊತ್ತಿನಲ್ಲಿ ಸಮಾಧಾನದ ಮಾತು ಬರುವುದಿಲ್ಲ, ಸಿಟ್ಟು ಬರುತ್ತದೆ. ಆ ಬಡಗಿಯನ್ನು, ಪೆಟ್ಟಿಗೆ ಹೊತ್ತವರನ್ನು, ಕೊನೆಗೆ ಸಮುದ್ರವನ್ನೂ ಬೈದೆ. ಬೈದು ಮುಗಿದಮೇಲೆ, ಗುಡ್ಡದ ಮೇಲೆ ಮ್ಯೂಸಿಯಂ ಇದೆಯಂತೆ, ನೋಡಿಯಾದರೂ ಬರೋಣ ಬಾ ಎಂದು ಕರೆದುಕೊಂಡು ಹೊರಟೆ.

ಮ್ಯೂಸಿಯಂ

ದಾರಿಯಲ್ಲಿ ಬಡಕಲು ಹೊಟ್ಟೆಯ, ಉದ್ದ ಮೂತಿಯ ನಾಯಿಯೊಂದು ಅಡ್ಡ ಬಂತು. ಅಕ್ಕ ನಿಂತುಬಿಟ್ಟಳು. "ಇದು ಮುಧೋಳದ ನಾಯಿ ಅಲ್ಲೇನೋ?" ಮೈಕಟ್ಟು ಹಾಗೇ ಇತ್ತು, ಕಿವಿ ಮಾತ್ರ ನೆಟ್ಟಗೆ ನಿಂತಿದ್ದವು. ಅದು ನಮ್ಮನ್ನು ಒಮ್ಮೆ ಮೂಸಿ, ಗುರುತು ಸಿಗದವರಂತೆ ಮುಖ ತಿರುಗಿಸಿಕೊಂಡು ಹೋಯಿತು.

ಮ್ಯೂಸಿಯಂ ಸಣ್ಣದು. ಪಕ್ಕದಲ್ಲೇ ನೆಲ ಅಗೆದು ತೆಗೆದ ಹಳೆಯ ಊರಿನ ಸಾಮಾನುಗಳೆಲ್ಲ ಅಲ್ಲಿದ್ದವು. ಮೂರು ಸಾವಿರ ವರ್ಷಕ್ಕೂ ಹಿಂದಿನ ಊರು. ಕಾಳು ತುಂಬಿಡುವ, ಮನುಷ್ಯನೇ ಒಳಗಿಳಿಯುವಷ್ಟು ದೊಡ್ಡ ಹಗೇವಿನಂಥ ಗಡಿಗೆಗಳು, ಬೀಸುವ ಕಲ್ಲು, ಮಣ್ಣಿನ ದೀಪಗಳು. ನಾನು ಗೋಡೆಯ ಮೇಲಿನ ಬರಹವನ್ನು ಓದಿ ಅಕ್ಕನಿಗೆ ಜೋರಾಗಿ ವಿವರಿಸುತ್ತಾ, ನಾಲ್ಕು ಜನ ಕೇಳಲಿ ಎಂಬ ಆಸೆಯಿಂದ ಕೈ ಬೀಸುತ್ತಾ ಮುಂದೆ ಹೋದೆ. ತಿರುಗಿ ನೋಡಿದರೆ ಅಕ್ಕನಿಲ್ಲ. ಅಷ್ಟರಲ್ಲಿ ಹಿಂದಿನ ಕೋಣೆಯಿಂದ ಸೀಟಿ ಕೇಳಿಸಿತು.

ಓಡಿಹೋದೆ. ಆ ಕೋಣೆಯಲ್ಲಿ ಗೋಡೆಗೆ ಒರಗಿಸಿದ ಒಂದು ಮಗ್ಗವಿತ್ತು. ಎರಡು ಕಂಬ, ಮೇಲೊಂದು ಅಡ್ಡ ಕೋಲು. ಹಳೆಯ ಕಾಲದ ಮಗ್ಗ ಹೀಗಿದ್ದಿರಬೇಕೆಂದು ಊಹಿಸಿ ಈಗಿನವರು ಕಟ್ಟಿದ್ದು. ಅದರ ಬುಡದಲ್ಲಿ ನೆಲದಿಂದ ಸಿಕ್ಕ, ಪೇರಲಹಣ್ಣಿನ ಗಾತ್ರದ ಮಣ್ಣಿನ ಗುಂಡುಗಳನ್ನು ಜೋಡಿಸಿದ್ದರು. ಕೋಲಿನಲ್ಲಿ ಒಂದು ಎಳೆಯೂ ಇರಲಿಲ್ಲ. ಅಲ್ಲ, ಒಂದಿತ್ತು. ನಮ್ಮ ಅಕ್ಕ ಹಗ್ಗ ದಾಟಿ ಹೋಗಿ, ತನ್ನ ಎಲೆಯಡಿಕೆಯ ಸಂಚಿಯಿಂದ ಕೆಂಪು ನೂಲು ತೆಗೆದು, ಕೋಲಿಗೆ ಕಟ್ಟಿ, ಗಂಟು ಬಿಗಿಯುತ್ತಿದ್ದಳು. ಕಾವಲಿನವನು ಸೀಟಿ ಊದುತ್ತಲೇ ಇದ್ದ.

"ಅಕ್ಕಾ! ಇದು ಮ್ಯೂಸಿಯಂ ಐತಿ! ಕೈ ತೆಗಿ!"

"ಬರೇ ಮಗ್ಗ ನಿಲ್ಲಿಸ್ಯಾರೋ. ನನಗ ನೋಡಾಕ ಆಗಲಿಲ್ಲ."

ನಮ್ಮನ್ನು ಒಂದು ಕೋಣೆಗೆ ಕರೆದೊಯ್ದರು. ಜೈಲಿನ ಊಟ ಎಣ್ಣೆಯಲ್ಲಿ ತೇಲುತ್ತಿರುತ್ತದೋ ಹೇಗೋ ಎಂದು ನಾನು ಯೋಚಿಸುತ್ತಿರುವಾಗ, ಒಂದು ಮಣ್ಣು ಮೆತ್ತಿದ ಪ್ಯಾಂಟು ಒಳಗೆ ಬಂತು. ಅದನ್ನು ತೊಟ್ಟವರು ಎಲೆನಿ. ಬೆಳ್ಳಗಾದ ಕೂದಲನ್ನು ಹಿಂದೆ ಗಂಟು ಹಾಕಿದ್ದ ಹೆಂಗಸು. ಆ ಹಳೆಯ ಊರನ್ನು ಅಗೆಸುವ ತಂಡಕ್ಕೆ ಅವರೇ ಮುಖ್ಯಸ್ಥರು. ನಾನು ನನ್ನ ಇಂಗ್ಲಿಷಿನಲ್ಲಿದ್ದ ಕ್ಷಮೆಯ ಮಾತುಗಳನ್ನೆಲ್ಲ ಒಂದೇ ಉಸಿರಿನಲ್ಲಿ ಖರ್ಚು ಮಾಡಿದೆ. ಅವರು ಕೈ ಎತ್ತಿ ತಡೆದು ಕೇಳಿದರು: "ಅದಿರಲಿ. ಯಾಕೆ ಕಟ್ಟಿದಳು?"

ನಾನು ಹೇಳಿದೆ. ಮಗ್ಗ ಬರಿದಾಗಿರಬಾರದೆಂದು, ಹಿಂದಿನ ಹಾಸಿನ ತುದಿಗೇ ಮುಂದಿನ ಹಾಸನ್ನು ಕೂಡಿಸುತ್ತಾರೆಂದು, ನಮ್ಮಮ್ಮನೂ ಅವಳಮ್ಮನೂ ಹಾಗೇ ಮಾಡಿದ್ದರೆಂದು. ಎಲೆನಿ ನಕ್ಕು ಅಕ್ಕನ ಕೈ ಹಿಡಿದುಕೊಂಡರು. "ಬನ್ನಿ. ಬರಿದಾಗಿರದ ಒಂದು ಮಗ್ಗ ತೋರಿಸುತ್ತೇನೆ."

ಸುಟ್ಟ ಮನೆ

ಮ್ಯೂಸಿಯಂ ಹಿಂದಿನ ಇಳಿಜಾರಿನಲ್ಲಿ ಮೊಣಕಾಲೆತ್ತರದ ಕಲ್ಲುಗೋಡೆಗಳು ಕಾಣುತ್ತಿದ್ದವು. ಹಳೆಯ ಊರು ಅದೇ. ಓಣಿಗಳು ನಮ್ಮ ಬನಹಟ್ಟಿಯ ಓಣಿಗಳಷ್ಟೇ ಇಕ್ಕಟ್ಟು. ಎದುರುಬದುರು ಮನೆಯವರು ಕೂತಲ್ಲೇ ಜಗಳವಾಡಬಹುದಾಗಿತ್ತು. ಎಲೆನಿ ಒಂದು ಮನೆಯ ಮುಂದೆ ನಿಂತರು. ಅದರ ನೆಲ ಕಪ್ಪಗಿತ್ತು.

"ಈ ಮನೆಗೆ ಬೆಂಕಿ ಬಿದ್ದಿತ್ತು," ಎಂದರು. "ನಿಂತು ನೇಯುವ ಆ ಮಗ್ಗದಲ್ಲಿ ಎಳೆಗಳು ಬಿಗಿಯಾಗಿರಲೆಂದು ತುದಿಗೆ ಮಣ್ಣಿನ ಗುಂಡು ಕಟ್ಟುತ್ತಿದ್ದರು. ಬೇರೆ ಮನೆಗಳಲ್ಲಿ ಆ ಗುಂಡುಗಳು ಮೂಲೆಯಲ್ಲಿ ರಾಶಿಯಾಗಿ ಸಿಕ್ಕವು. ಕೆಲಸವಿರದಾಗ ತೆಗೆದಿಟ್ಟವು ಅವು. ಇಲ್ಲಿ ಮಾತ್ರ ಗೋಡೆಯ ಪಕ್ಕ ಸಾಲಾಗಿ ಬಿದ್ದಿದ್ದವು. ನೂಲು ಸುಟ್ಟುಹೋಗಿದೆ, ಮರ ಸುಟ್ಟುಹೋಗಿದೆ, ಗುಂಡುಗಳು ತಾವು ತೂಗುತ್ತಿದ್ದ ಸಾಲಿನಲ್ಲೇ ಉದುರಿವೆ. ಎಂದರೆ ಬೆಂಕಿ ಬಿದ್ದ ದಿನ ಮಗ್ಗದ ಮೇಲೆ ಬಟ್ಟೆ ಇತ್ತು."

ಬಟ್ಟೆಯ ಒಂದು ಎಳೆಯೂ ಉಳಿಯದಿದ್ದರೂ, ಬಟ್ಟೆ ಇತ್ತೆಂದು ಹೇಳುವ ಆ ಹೆಂಗಸಿನ ಜಾಣ್ಮೆಗೆ ನನಗೆ ಮೈ ಜುಮ್ಮೆಂದಿತು. ಪಾಠದ ಪುಸ್ತಕದಲ್ಲಿ ರಾಜರ ಹೆಸರಷ್ಟೇ ಬಾಯಿಪಾಠ ಮಾಡಿದ್ದ ನನಗೆ, ಇತಿಹಾಸವೆಂದರೆ ಯಾರೋ ಅರ್ಧಕ್ಕೆ ಬಿಟ್ಟೆದ್ದ ಕೆಲಸವೂ ಹೌದೆಂದು ಅಂದೇ ಹೊಳೆದದ್ದು. ಅಕ್ಕನಿಗೆ ಹೇಳಿದೆ. ಅವಳು ಕರಿ ನೆಲದ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಕೇಳ ತಮ್ಮಾ, ಆಕಿ ಪಾರಾದಳೇನ ಅಂತ."

ಕೇಳಿದೆ. ಮನೆಯಲ್ಲಿ ಎಲುಬು ಸಿಗಲಿಲ್ಲ ಎಂದರು ಎಲೆನಿ. ಒಡವೆ ಸಿಗಲಿಲ್ಲ, ಕಂಚಿನ ಸಣ್ಣ ಸಾಮಾನೂ ಸಿಗಲಿಲ್ಲ. ಎತ್ತಿಕೊಳ್ಳುವುದನ್ನು ಎತ್ತಿಕೊಂಡು ಹೊತ್ತಿಗೆ ಸರಿಯಾಗಿ ಹೊರಬಿದ್ದಿದ್ದಾರೆ.

ಅಕ್ಕ ನಿಟ್ಟುಸಿರು ಬಿಟ್ಟು, ಆಗಷ್ಟೇ ಪಕ್ಕದ ಓಣಿಯಿಂದ ಒಳ್ಳೆಯ ಸುದ್ದಿ ಬಂದಂತೆ ನಕ್ಕಳು. "ಖರೆ ಅಂದ್ರ ಛಲೋ ಆತು. ಬಟ್ಟಿ ಹೋದ್ರ ಹೋಗಲಿ, ಮತ್ತ ನೇಯ್ತಾಳ." ಹಾಗೆಂದವಳೇ ತನ್ನ ಸೀರೆ ನೆನಪಾಗಿ ಮತ್ತೆ ಮುಖ ಸಣ್ಣ ಮಾಡಿದಳು. ಎಲೆನಿಗೆ ಅದು ಕಾಣಿಸಿತು. ಕೇಳಿದರು. ನಾನು ಪೆಟ್ಟಿಗೆಯ ಕಥೆ, ಮದುವೆಯ ಕಥೆ, ಎಲ್ಲ ಹೇಳಿದೆ. ಚೌಕಟ್ಟು ಹೋದರೆ ಹೋಗಲಿ, ಊರಿನ ಹಾಗೆ ಒಂದು ಕುಣಿ ಇದ್ದರೆ ಸಾಕಿತ್ತು, ಕಾಲಿಳಿಬಿಡಲು ಒಂದು ಗುಂಡಿ, ಮೇಲೆ ತೂಗಲು ಒಂದು ಕಂಬ, ಅಷ್ಟೇ ಎಂದೆ.

"ಗುಂಡಿಯೇ?" ಎಂದರು ಎಲೆನಿ. "ನಾವು ಬದುಕಿರುವುದೇ ಗುಂಡಿಯಲ್ಲಿ."

ಏನೂ ಸಿಗದ ಗುಂಡಿ

ಆ ಊರಿನಲ್ಲಿ ಮನಸ್ಸಿಗೆ ಬಂದಲ್ಲಿ ಗುದ್ದಲಿ ಹಾಕುವಂತಿಲ್ಲ. ಹಾಕಿದಲ್ಲೆಲ್ಲ ಏನಾದರೊಂದು ಹಳೆಯದು ಏಳುತ್ತದೆ, ಕೆಲಸ ನಿಲ್ಲುತ್ತದೆ. ಆದರೆ ಎಲೆನಿಯ ಹತ್ತಿರ ಒಂದು ಸಿದ್ಧ ಗುಂಡಿ ಇತ್ತು. ಸುಟ್ಟ ಮನೆಯ ಆಚೆ, ಅಂಚು ಕೊರೆದಂತೆ ಚೌಕಾಕಾರವಾಗಿ, ಸೊಂಟದಾಳಕ್ಕೆ ತೋಡಿದ್ದು. ಮೇಲೆ ನೆರಳಿನ ಬಟ್ಟೆ ಕಟ್ಟಿದ ಕಬ್ಬಿಣದ ಕಂಬಗಳು. ಇಲ್ಲಿ ನೇಕಾರರ ಕೇರಿಯೇ ಸಿಗುತ್ತದೆ ಎಂದು ಎಲ್ಲರ ಮುಂದೆ ವಾದ ಮಾಡಿ ಅವರು ಅಗೆಸಿದ್ದರಂತೆ. ಕೆಳಗಿನ ಬಂಡೆಯವರೆಗೆ ಹೋದರೂ ಒಡೆದ ಗಡಿಗೆಯ ಒಂದು ಬೋಕಿ ಚೂರೂ ಸಿಕ್ಕಿರಲಿಲ್ಲ. ಆ ವಾರವೇ ಅದನ್ನು ಮುಚ್ಚುವುದಿತ್ತು.

"ನನ್ನ ಮರ್ಯಾದೆ ಹೂತ ಗುಂಡಿ ಇದು," ಎಂದರು. ನಗುತ್ತಲೇ ಹೇಳಿದರೂ ನೋವು ಕಾಣುತ್ತಿತ್ತು.

ಕೆಲಸದವರ ಮೇಸ್ತ್ರಿ ಮನೋಲಿಯ ಮೀಸೆ ನಮ್ಮ ಕಡೆಯ ಪೈಲವಾನರಿಗೂ ಹೊಟ್ಟೆಕಿಚ್ಚು ತರುವಂಥದ್ದು. ದಾರಿಯ ನಾಯಿಯೂ ಅವನದೇ. ಅವನು ಅಡ್ಡ ಹಲಗೆ ಹಾಕಿ ಕೂರುವ ಜಾಗ ಮಾಡಿದ. ನಾನು ಬಂದರಿಗೂ ಗುಡ್ಡಕ್ಕೂ ಓಡಾಡಿ ಸಾಮಾನು ಹೊತ್ತೆ. ಅಕ್ಕ ಹಣಿಗೆಯನ್ನು ನೆರಳಿನ ಕಂಬಕ್ಕೆ ತೂಗಿಹಾಕಿ, ಹಾಸನ್ನು ಎಳೆದು ದೂರದ ಗೂಟಕ್ಕೆ ಬಿಗಿದಳು. ಎಳೆಯನ್ನು ಮಾತ್ರ ಯಾರಿಗೂ ಮುಟ್ಟಗೊಡಲಿಲ್ಲ. ಮನೋಲಿ ಸಹಾಯಕ್ಕೆಂದು ಕೈ ಚಾಚಿದಾಗ ತಲೆ ಮೇಲಕ್ಕೆತ್ತಿ 'ಚ್' ಎಂದಳು. ಅವನು ತಟ್ಟನೆ ಕೈ ಹಿಂದೆ ತೆಗೆದುಕೊಂಡ. ಅಷ್ಟು ಸ್ಪಷ್ಟವಾಗಿ ನನ್ನ ಇಂಗ್ಲಿಷ್ ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ಈ ಗಡಿಬಿಡಿಯಲ್ಲಿ ಮರಕ್ಕೆ ತಾಗಿ ಅವಳ ಎರಡು ಹಸಿರು ಬಳೆ ಒಡೆದವು. ಚೂರುಗಳನ್ನು ಆರಿಸಿ ಸಂಚಿಗೆ ಹಾಕಿಕೊಂಡಳು.

ಆಮೇಲೆ ಲಾಳಿ ಓಡಿತು. ಖಟ್, ಖಟ್, ಖಟ್. ಹುಟ್ಟಿದಾಗಿನಿಂದ ಕೇಳಿ ಬೇಸತ್ತ ಸದ್ದು, ಇಲ್ಲಿ ಸಮುದ್ರದ ಎದುರು ಕೇಳಿದಾಗ ಎಷ್ಟು ಚೆಂದವೆನಿಸಿತು!

ಎಲೆನಿ ಗುಂಡಿಯ ಅಂಚಿನಲ್ಲಿ ಕಾಲಿಳಿಬಿಟ್ಟು ಕೂತರು. ಆಮೇಲೆ ಮನೋಲಿಯ ಕಡೆ ತಿರುಗಿ ಏನೋ ಹೇಳಿದರು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನನಗಾಗಿ ಇಂಗ್ಲಿಷಿನಲ್ಲಿ ಮತ್ತೊಮ್ಮೆ ಹೇಳಿದರು: "ಇಲ್ಲಿ ಮಗ್ಗ ಸಿಕ್ಕೇ ಸಿಗುತ್ತದೆ ಅಂತ ಎಲ್ಲರಿಗೂ ಹೇಳಿದ್ದೆ. ಸಿಕ್ಕಿತು ನೋಡಿ."

ಮೇಳಕ್ಕೆ ಬಂದವರೆಲ್ಲ ಗುಡ್ಡ ಹತ್ತತೊಡಗಿದರು. ಕಪ್ಪು ಬಟ್ಟೆಯ ಹಳ್ಳಿ ಹೆಂಗಸರು ನೂಲುವ ಕದಿರು ತಿರುಗಿಸುತ್ತಾ ಅಂಚಿನ ಸುತ್ತ ಕೂತರು. ಅವರು ಅವರ ಭಾಷೆಯಲ್ಲಿ, ಅಕ್ಕ ಅವಳ ಭಾಷೆಯಲ್ಲಿ, ಸೊಸೆಯಂದಿರ ಬಗ್ಗೆಯೋ ಮಂಡಿನೋವಿನ ಬಗ್ಗೆಯೋ ದಿನವಿಡೀ ಮಾತಾಡಿದರು. ಯಾರೂ ನನ್ನನ್ನು ಅರ್ಥ ಕೇಳಲಿಲ್ಲ. ಇಂಥ ದೃಶ್ಯದ ಫೋಟೋ ತೆಗೆಯಲೇಬೇಕೆಂದು ಕ್ಯಾಮೆರಾ ಕಣ್ಣಿಗೆ ಹಿಡಿದು ಹಿಂದೆ ಹಿಂದೆ ಸರಿದ ನಾನು, ಅಗೆದು ಹಾಕಿದ್ದ ಮಣ್ಣಿನ ಗುಡ್ಡೆಯಿಂದ ಉರುಳಿ ನಾಯಿಯ ಪಕ್ಕ ಬಿದ್ದೆ. ನೇಕಾರರ ಕೇರಿಯಲ್ಲಿ ಸಿಕ್ಕ ಮೊದಲ ಎಲುಬುಗಳು ಎಂದು ನನ್ನನ್ನು ಗುರುತಿಸಲಾಯಿತು.

ಮಣ್ಣು ಮುಚ್ಚಿದ ದಿನ

ನಾವು ಹೊರಡುವ ಮುಂಚಿನ ದಿನ ಸೀರೆ ಮುಗಿಯಿತು. ಕೆಂಪು ಸೆರಗಿನ ಕೊನೆಯ ಎಳೆ ಬಡಿದು ಅಕ್ಕ ಲಾಳಿಗೆ ಹಣೆ ಮುಟ್ಟಿಸಿದಳು. ಸೀರೆಯನ್ನು ಕತ್ತರಿಸಿ ತೆಗೆದಮೇಲೂ ಗೇಣುದ್ದದ ಹಾಸಿನ ತುದಿ ಹಣಿಗೆಯಲ್ಲಿ ಉಳಿದಿತ್ತು. ಅದನ್ನು ನೋಡಿ ಎಲೆನಿ ಸಂಕೋಚದಿಂದ ಕೇಳಿದರು, ಸ್ವಲ್ಪ ಕೊಡುತ್ತೀರಾ ಎಂದು. ಅಕ್ಕ ಅರ್ಧವನ್ನು ಊರಿನ ಮಗ್ಗಕ್ಕೆಂದು ಇಟ್ಟುಕೊಂಡು, ಉಳಿದದ್ದನ್ನು ತಾನೇ ಹೋಗಿ ಮ್ಯೂಸಿಯಂ ಮಗ್ಗದ ಕೋಲಿಗೆ ಕಟ್ಟಿದಳು. ಈ ಸಲ ಕಾವಲಿನವನೇ ಹಗ್ಗ ಎತ್ತಿ ಹಿಡಿದ.

ಗುಂಡಿ ಮುಚ್ಚುವ ಮೊದಲು ಎಲೆನಿ ಜೇಬಿನಿಂದ ಹೊಸ ನಾಣ್ಯವೊಂದನ್ನು ತೆಗೆದು ತಳಕ್ಕೆ ಹಾಕಿದರು. ಹರಕೆಯೇ ಎಂದು ಕೇಳಿದೆ. ಅಲ್ಲ ಎಂದರು. ಮುಂದೆ ಎಂದೋ ಯಾರೋ ಇಲ್ಲೇ ಅಗೆದರೆ, ಇದನ್ನು ಹಿಂದಿನವರು ನೋಡಿ ಮುಚ್ಚಿದ್ದಾರೆ ಎಂದು ಅವರಿಗೆ ತಿಳಿಯಲಿ, ಅದಕ್ಕಾಗಿ. ಅಗೆಯುವವರ ಪದ್ಧತಿಯಂತೆ ಅದು.

ಅಕ್ಕನಿಗೆ ಹೇಳುತ್ತಿದ್ದಂತೆ ಅವಳು ಸಂಚಿ ಬಿಚ್ಚಿ ಹಸಿರು ಬಳೆಯ ಚೂರುಗಳನ್ನು ನಾಣ್ಯದ ಪಕ್ಕ ಸುರಿದಳು.

"ಅಕ್ಕಾ, ಮುಂದ ಬಂದವರು ಗೊಂದಲ ಮಾಡಿಕೋತಾರ!"

"ಗೊಂದಲ ಯಾಕೋ? ಇಲ್ಲೆ ಒಬ್ಬಾಕಿ ಕುಂತು ನೇಯತಿದ್ಲು ಅಂತ ಗೊತ್ತಾಗತೈತಿ. ಸುಳ್ಳೇನೈತಿ ಅದ್ರಾಗ?"

ನಾನು ಎಲೆನಿಗೆ ಹೇಳಿದೆ. ಅವರು ಯೋಚಿಸಿ, ಸುಳ್ಳಿಲ್ಲ ಎಂದರು. ಮನೋಲಿ ಮಣ್ಣು ಎಳೆದ. ಎಲೆನಿ ಅಕ್ಕನನ್ನು ತಬ್ಬಿಕೊಂಡರು, ಇಬ್ಬರೂ ಅತ್ತರು. ನಾನು ನಾಯಿಯ ತಲೆ ಸವರುತ್ತಾ ಸಮುದ್ರ ನೋಡಿದೆ. ನನ್ನ ಕಣ್ಣೂ ಒದ್ದೆಯಾಗಿದ್ದವು.

ಮತ್ತೆ ಬನಹಟ್ಟಿ

ದೀಪಾವಳಿಯ ಮುನ್ನಾದಿನ ಮನೆ ಮುಟ್ಟಿದೆವು. ಅಕ್ಕ ಚಪ್ಪಲಿ ಬಿಟ್ಟವಳೇ ಮೊದಲು ಪಡಸಾಲೆಗೆ ಹೋಗಿ ನೋಡಿದಳು. ಕೆಂಪು ಎಳೆ ಇದ್ದಲ್ಲೇ ಇತ್ತು. ಅದರ ಪಕ್ಕದಲ್ಲೇ ತಂದ ಹಾಸಿನ ತುದಿ ಕಟ್ಟಿದಮೇಲೆ ಗಂಡನನ್ನು, ಮಗಳನ್ನು ಹೇಗಿದ್ದೀರೆಂದು ಕೇಳಿದಳು.

ಮದುವೆಯ ದಿನ ಒಳಗಿನ ಕೋಣೆಯಲ್ಲಿ ಹೆಂಗಸರೆಲ್ಲ ಸುತ್ತ ನಿಂತಿರುವಾಗ ಅಕ್ಕ ಸೀರೆಯ ಮಡಿಕೆ ಬಿಚ್ಚಿದಳು. ಸುಮಿತ್ರಾ ಉಟ್ಟು ತಿರುಗಿ ನಿಂತಳು. ಅಕ್ಕ ಮಗಳನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನನ್ನು ಕೈ ಮಾಡಿ ಕರೆದಳು.

ಸೀರೆಯ ಮಡಿಕೆಯೊಳಗಿಂದ ನೆಲದ ಮೇಲೆ ಒಂದು ಚಿಟಿಕೆ ಮಣ್ಣು ಉದುರಿತ್ತು. ಬಿಳಿಚು ಬಣ್ಣದ, ನಮ್ಮ ಕರಿ ನೆಲದ್ದಲ್ಲದ ಮಣ್ಣು. ನಾನು ಕಸಬರಿಗೆ ತರಲು ತಿರುಗಿದರೆ ಅಕ್ಕ ಗದರಿದಳು. ಬೆರಳ ತುದಿಯಿಂದ ಅದನ್ನು ಒಂದೂ ಕಣ ಬಿಡದೆ ಅಂಗೈಗೆ ಬಳಿದುಕೊಂಡು, ಪಡಸಾಲೆಗೆ ಹೋಗಿ, ತನ್ನ ಮಗ್ಗದ ಕುಣಿಯೊಳಗೆ ಉದುರಿಸಿದಳು. ಹೊರಗೆ ಬಾಜಾ ಬಜಂತ್ರಿ ಶುರುವಾಗಿತ್ತು.

"ನಮ್ಮ ಹಸಿರ ಬಳಿಚೂರು ಅವರ ಕುಣ್ಯಾಗ, ಅವರ ಮಣ್ಣು ನಮ್ಮ ಕುಣ್ಯಾಗ," ಎಂದು ಕೈ ಕೊಡವಿಕೊಂಡು ಎದ್ದಳು. "ಇವತ್ತ ನಮ್ಮ ಮನ್ಯಾಗ ಎರಡು ಬೀಗತನ ಆದ್ವು ನೋಡೋ ತಮ್ಮಾ. ನಡಿ, ಅಕ್ಕಿಕಾಳಿಗೆ ಹೊತ್ತಾತು."